ಕಂಡವರ ಪಾಲು

"ಕೆಲಸದವರಿಗೆ ಹಿಂದಿನ ಗೇಟು" ಎಂದ ಕಾವಲುಗಾರ.

ಮುಖ ನೋಡಿ ಹೇಳಲಿಲ್ಲ. ಕಾಲು ನೋಡಿ ಹೇಳಿದ. ನೀರಕ್ಕನ ಕಾಲುಗಳು ಹಾಗಿದ್ದವು. ವರ್ಷಗಟ್ಟಲೆ ನೀರಿನಲ್ಲಿ ನಿಂತ ಕಾಲು. ಹಿಮ್ಮಡಿ ಒಡೆದು, ಬೆರಳ ಸಂದು ಬೆಳ್ಳಗೆ ಬಿಳಿಚಿ, ಹೊಸ ಚಪ್ಪಲಿಯಲ್ಲಿ ತುರುಕಿದರೂ ತಾವು ಯಾರ ಕಾಲು ಎಂದು ಊರಿಗೆಲ್ಲ ಡಂಗುರ ಸಾರುವ ಕಾಲು. ಅವಳ ಚೀಲದಲ್ಲಿ ವಿಶ್ವವಿದ್ಯಾಲಯದವರೇ ಕಳಿಸಿದ ಕಾಗದವಿತ್ತು. ಬೇಸಿಗೆಯ ಮೂರು ವಾರದ ಕೋರ್ಸಿಗೆ ಬನ್ನಿ ಎಂದು ಅದರಲ್ಲಿ ಮರ್ಯಾದೆಯಿಂದ ಬರೆದಿತ್ತು. ತೆಗೆದು ಅವನ ಮೂಗಿಗೆ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಹಿಂದಿನ ಗೇಟು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕಾಲು ತಾವಾಗಿಯೇ ಅತ್ತ ತಿರುಗಿದವು. ಉದ್ದನೆಯ ಕಾಂಪೌಂಡಿನ ಪಕ್ಕ ಬಿಸಿಲಿನಲ್ಲಿ ಅರ್ಧ ದಾರಿ ನಡೆದ ಮೇಲೆ ಅವಳಿಗೆ ಸಿಟ್ಟು ಬಂತು. ಕಾವಲುಗಾರನ ಮೇಲಲ್ಲ. ತನ್ನ ಕಾಲುಗಳ ಮೇಲೆ.

ನೀರಕ್ಕ ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಬಸ್ ನಿಲ್ದಾಣ ಇಟ್ಟ ಹೆಸರು. ಎರಡೂ ಕೈಯಲ್ಲಿ ನೀರಿನ ಬಕೆಟು ಹಿಡಿದು ಓಡಾಡುವವಳನ್ನು ಡ್ರೈವರುಗಳು ನೀರಕ್ಕ ಎಂದರು, ಅದೇ ಅಂಟಿಕೊಂಡಿತು. ನಿಲ್ದಾಣದ ಶೌಚಾಲಯ ತೊಳೆಯುವುದು, ಪ್ರಯಾಣಿಕರು ಕೂರುವ ಹಾಲ್ ಒರೆಸುವುದು ಅವಳ ಕೆಲಸ. ಅವಳಿಗಿಂತ ಮೊದಲು ಅವಳ ಅಮ್ಮನ ಕೆಲಸ. ಬಗ್ಗಿ ಬಗ್ಗಿ ಅಮ್ಮನ ಮಂಡಿ ಹೋದ ಮೇಲೆ ಬಕೆಟು ಮಗಳ ಕೈಗೆ ಬಂತು. ಬೇರೆಯವರಿಗೆ ಆಸ್ತಿ ಬರುತ್ತದೆ, ಇವಳಿಗೆ ಬಕೆಟು ಬಂತು. ಅಲ್ಲಿ ಬೆಂಚಿನಿಂದ ಬೆಂಚಿಗೆ ಒರೆಸುಕೋಲು ತಳ್ಳುತ್ತ ದಿನವಿಡೀ ಅವಳು ಹೇಳುವ ಮಾತು ಒಂದೇ: "ಕಾಲೆತ್ತಿ ಸಾರ್. ಕಾಲೆತ್ತಿ ಅಮ್ಮ." ಜನ ಪೇಪರಿನಿಂದ ಕಣ್ಣು ತೆಗೆಯದೆ ಕಾಲೆತ್ತುತ್ತಿದ್ದರು. ಅವಳು ಒರೆಸಿ ಮುಂದೆ ಹೋಗುತ್ತಿದ್ದಳು. ಅವಳ ಮುಖ ನೋಡಿದವರು ಕಡಿಮೆ.

ಆ ಕೆಲಸದವರಲ್ಲಿ ಒಂದು ರೂಢಿ. ಅದಕ್ಕೆ ಅವರು ಕಂಡವರ ಪಾಲು ಎನ್ನುತ್ತಾರೆ. ಹೊಲಸನ್ನು ಮೊದಲು ಯಾರು ಕಂಡರೋ ಅದು ಅವರ ಪಾಲು, ಅವರೇ ತೊಳೆಯಬೇಕು. ನಿನ್ನ ಸರದಿ, ನನ್ನ ಸರದಿ ಎಂಬ ತಕರಾರಿಲ್ಲ. ಕಂಡೂ ಕಾಣದ ಹಾಗೆ ದಾಟಿ ಹೋದವಳನ್ನು ಉಳಿದವರು ಊಟಕ್ಕೆ ಜೊತೆಗೆ ಕೂರಿಸಿಕೊಳ್ಳುವುದಿಲ್ಲ. ಲೋಕದಲ್ಲಿ ಇಂಥ ನ್ಯಾಯ ಬೇರೆ ಯಾವ ಕಸುಬಿನಲ್ಲೂ ಇಲ್ಲ. ಇದ್ದಿದ್ದರೆ ಲೋಕ ಇಷ್ಟು ನಾರುತ್ತಿರಲಿಲ್ಲ.

ನಿಲ್ದಾಣದ ಹಿಂದೆ ಊರಿನ ಗ್ರಂಥಾಲಯ. ಗಂಡ ಬಿಟ್ಟು ಹೋದ ಮೇಲೆ ನೀರಕ್ಕ ಮಧ್ಯಾಹ್ನದ ಬಿಡುವಿನಲ್ಲಿ ಅಲ್ಲಿ ಹೋಗಿ ಕೂರುತ್ತಿದ್ದಳು. ಒಳಗೆ ಹೋಗುವ ಮುಂಚೆ ಕಾಲು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದಳು. ಅಲ್ಲಿಯ ಪುಸ್ತಕ ಓದಿಯೇ ಹತ್ತನೇ ತರಗತಿ ಪಾಸು ಮಾಡಿದಳು. ಅಲ್ಲಿಯ ಮುದುಕ ಅಧಿಕಾರಿ ಒಂದು ದಿನ, ಸಹಾಯಕಿಯ ಜಾಗ ಖಾಲಿಯಾಗುತ್ತದೆ, ವಿಶ್ವವಿದ್ಯಾಲಯದ ಬೇಸಿಗೆ ಕೋರ್ಸಿನ ಸರ್ಟಿಫಿಕೇಟು ತಂದರೆ ನಿನ್ನನ್ನೇ ತೆಗೆದುಕೊಳ್ಳುತ್ತೇನೆ ಎಂದರು. ಪುಸ್ತಕಕ್ಕೆ ಸಂಖ್ಯೆ ಅಂಟಿಸುವುದು, ಕಪಾಟಿನಲ್ಲಿ ಜೋಡಿಸುವುದು, ಕೇಳಿದವರಿಗೆ ತೆಗೆದುಕೊಡುವುದು. ಒಣ ನೆಲದ ಮೇಲೆ ನಿಂತು ಮಾಡುವ ಕೆಲಸ. ನೀರಕ್ಕನಿಗೆ ಬೇಕಿದ್ದದ್ದು ಅಷ್ಟೇ, ಒಣ ನೆಲ. ಮೂರು ವಾರ ತನ್ನ ಬದಲಿಗೆ ಅಮ್ಮನನ್ನೇ ಬಕೆಟಿನ ಮುಂದೆ ನಿಲ್ಲಿಸಿ ಬಂದಿದ್ದಳು. ಸತ್ತ ಮಂಡಿ ಎಳೆದುಕೊಂಡು ನಿಂತ ಮುದುಕಿ, ಪುಸ್ತಕಕ್ಕೆಲ್ಲಾ ಫಿನಾಯಿಲು ಹಾಕಿಬಿಟ್ಟೀಯ ಹುಷಾರು ಎಂದು ನಗಾಡಿ ಕಳಿಸಿಕೊಟ್ಟಿದ್ದಳು.

ಮೊದಲ ದಿನ ಎಲ್ಲರೂ ಎದ್ದು ನಿಂತು ತಮ್ಮ ಪರಿಚಯ ಹೇಳಿಕೊಳ್ಳಬೇಕಿತ್ತು. ಇದ್ದವರೆಲ್ಲ ಹೆಂಗಸರೇ. ಒಬ್ಬಳು ಶಾಲೆಯ ಟೀಚರು, ಒಬ್ಬಳು ಅಂಗಡಿಯಲ್ಲಿ ಲೆಕ್ಕ ಬರೆಯುವವಳು, ಇಬ್ಬರು ಕಾಲೇಜು ಮುಗಿಸಿ ಕೂತವರು, ಹೀಗೆ. ನೀರಕ್ಕನ ಸರದಿ ಬಂದಾಗ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬಸ್ ನಿಲ್ದಾಣದ ಕಕ್ಕಸು ತೊಳೆಯುತ್ತೇನೆ, ಎಲ್ಲರೂ ನೀರಕ್ಕ ಅಂತಾರೆ. ಪಾಠದ ಪ್ರೊಫೆಸರು ಚಪ್ಪಾಳೆ ತಟ್ಟಿದರು. ಇಂಥವರು ಮುಂದೆ ಬರಬೇಕು ಎಂದರು. ಎಲ್ಲರೂ ತಟ್ಟಿದರು. ಬೇರೆ ಯಾರಿಗೂ ಚಪ್ಪಾಳೆ ಬಿದ್ದಿರಲಿಲ್ಲ. ಟೀಚರಿಗೆ ಬೀಳದ ಚಪ್ಪಾಳೆ ತನಗೇಕೆ ಬಿತ್ತು ಎಂದು ನೀರಕ್ಕನಿಗೆ ಸಂಜೆಯ ಹೊತ್ತಿಗೆ ಅರ್ಥವಾಯಿತು.

ಹಾಸ್ಟೆಲಿನಲ್ಲಿ ಅವಳ ಕೋಣೆಗೆ ಜೊತೆಯಾದವಳು ಆ ಟೀಚರಮ್ಮನೇ. ಸಂಜೆ ಬಂದು, ಈ ಫ್ಯಾನು ಬಹಳ ಸದ್ದು ಮಾಡುತ್ತೆ, ನನಗೆ ತಲೆನೋವು, ಬೇರೆ ಕೋಣೆಗೆ ಹೋಗ್ತೀನಿ, ತಪ್ಪು ತಿಳ್ಕೋಬೇಡಿ ಎಂದು ಹಾಸಿಗೆ ಸುತ್ತಿಕೊಂಡು ಹೋದಳು. ಫ್ಯಾನು ಸದ್ದು ಮಾಡುತ್ತಿರಲಿಲ್ಲ. ಅದು ತಿರುಗುತ್ತಲೇ ಇರಲಿಲ್ಲ.

ಆ ಖಾಲಿ ಮಂಚ ಎದುರಿಗಿತ್ತು. ಬರೀ ಹಲಗೆ. ನೀರಕ್ಕ ಗೋಡೆಯ ಕಡೆ ತಿರುಗಿ ಮಲಗಿದರೂ ಅದು ಬೆನ್ನಿಗೆ ಕಾಣುತ್ತಿತ್ತು. ಊಟದ ಕೋಣೆಯಲ್ಲಿ ಅವಳು ಕೂತ ಬೆಂಚಿನಲ್ಲಿ ಯಾರೂ ಕೂರಬಾರದು ಎಂದು ಯಾರೂ ಹೇಳಿರಲಿಲ್ಲ. ಯಾರೂ ಕೂರಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳ ಬಾಯಿಯೇನು ಸಣ್ಣದಲ್ಲ, ಕಂಡಕ್ಟರುಗಳನ್ನು ಕೇಳಿದರೆ ಹೇಳುತ್ತಾರೆ. ಇಲ್ಲಿ ಎಲ್ಲರೂ ನಗುತ್ತಿದ್ದರು. ನಕ್ಕು, ದಾಟಿ, ಆಚೆ ಬೆಂಚಿಗೆ ಹೋಗುತ್ತಿದ್ದರು. ನಗುವವರ ಜೊತೆ ಹೇಗೆ ಜಗಳ ಆಡುವುದು?

ರಜೆಯ ವಿಶ್ವವಿದ್ಯಾಲಯ ಬಿಕೋ ಎನ್ನುತ್ತಿತ್ತು. ಸಂಜೆ ಅವಳು ಒಬ್ಬಳೇ ಕಟ್ಟಡಗಳ ನಡುವೆ ಸುತ್ತುತ್ತಿದ್ದಳು. ಬೀಗ ಹಾಕಿದ ಬಾಗಿಲುಗಳು. ಕಿಟಕಿಯಿಂದ ಇಣುಕಿದರೆ ಮೇಜಿನ ಮೇಲೆ ತಲೆಕೆಳಗಾಗಿ ಪೇರಿಸಿದ ಕುರ್ಚಿಗಳು. ಯಾರೂ ಇಲ್ಲದ ಕಡೆಯಲ್ಲೂ ಇಷ್ಟು ಕುರ್ಚಿ ಇವೆಯಲ್ಲ ಎನಿಸುತ್ತಿತ್ತು. ಬಸ್ ನಿಲ್ದಾಣದಲ್ಲಿ ಅವಳಿಗೆ ಇದ್ದದ್ದು ಒಂದೇ ಸ್ಟೂಲು. ಆದರೂ ಅಲ್ಲಿ ಗಲಾಟೆ ಇತ್ತು, ಬೈಗುಳ ಇತ್ತು, ನೀರಕ್ಕ ಚಹಾ ಕುಡೀತೀಯಾ ಎನ್ನುವವರಿದ್ದರು. ಇಲ್ಲಿ ಅವಳು ಇಡೀ ದಿನ ಬಾಯಿ ಬಿಡದೆ ಇದ್ದ ದಿನಗಳೂ ಇದ್ದವು. ಅಮ್ಮನಿಗೆ ಫೋನು ಮಾಡಿದರೆ, ಎಲ್ಲರೂ ಒಳ್ಳೆಯವರು, ಊಟ ಚೆನ್ನಾಗಿದೆ ಎನ್ನುತ್ತಿದ್ದಳು. ನಿನ್ನ ದನಿ ಯಾಕೆ ಹಾಗಿದೆ ಎಂದರೆ, ಒಣ ಹವೆ ಎನ್ನುತ್ತಿದ್ದಳು.

ಪಾಠ ಮಾತ್ರ ಅವಳಿಗೆ ಇಷ್ಟವಾಯಿತು. ಸುಳ್ಳೇಕೆ, ಬಹಳ ಇಷ್ಟವಾಯಿತು. ಒಂದೊಂದು ಪುಸ್ತಕದ ಬೆನ್ನಿಗೂ ಒಂದು ಸಂಖ್ಯೆ, ಒಂದೊಂದು ಸಂಖ್ಯೆಗೂ ಕಪಾಟಿನಲ್ಲಿ ಒಂದು ಜಾಗ. ಯಾರು ಎಲ್ಲಿಂದ ತೆಗೆದರೂ ಅದು ತಿರುಗಿ ತನ್ನ ಜಾಗಕ್ಕೇ ಬರಬೇಕು. ಆ ಮಾತು ಕೇಳಿದರೆ ಅವಳಿಗೆ ಸಮಾಧಾನವಾಗುತ್ತಿತ್ತು. ತಪ್ಪು ಮಾಡುತ್ತಿದ್ದಳು, ಸಂಖ್ಯೆ ಹಿಂದುಮುಂದು ಮಾಡುತ್ತಿದ್ದಳು, ಟೀಚರಮ್ಮನಿಗಿಂತ ನಿಧಾನ. ಆದರೂ ಕಲಿಯುತ್ತಿದ್ದಳು. ಇನ್ನೊಂದು ಸಂಗತಿಯೂ ನಡೆಯುತ್ತಿತ್ತು. ಕಾಲು ಒಣಗುತ್ತಿದ್ದವು. ಹಿಮ್ಮಡಿಯ ಬಿರುಕು ಕೂಡತೊಡಗಿತ್ತು. ಮಂಚದ ಮೇಲೆ ಕೂತು ಅವಳು ಅದನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಅವಳು ಆ ತಪ್ಪು ಮಾಡಿದಳು.

ಒಂದು ಬೆಳಿಗ್ಗೆ ಹಾಸ್ಟೆಲಿನ ಬಚ್ಚಲಿಗೆ ಹೋದರೆ ಒಂದು ಕಕ್ಕಸು ಕಟ್ಟಿಕೊಂಡು, ನೋಡಬಾರದ ಹಾಗಿತ್ತು. ಅವಳು ನೋಡಿದಳು. ಮೊದಲು ಕಂಡವಳು ಅವಳೇ. ಮೂಲೆಯಲ್ಲಿ ಬ್ರಷ್ಷು, ಬಕೆಟು ಇದ್ದವು. ಮನಸ್ಸು ಯೋಚನೆ ಮಾಡುವ ಮೊದಲೇ ಕೈ ಹೋಗಿ ಬ್ರಷ್ಷು ಹಿಡಿದಿತ್ತು. ತಾನು ಇಲ್ಲಿ ಓದಲು ಬಂದವಳು ಎಂಬುದು ಆ ಕೈಗೆ ಗೊತ್ತಿರಲಿಲ್ಲ. ಇನ್ನೂ ಒಂದು ನಿಜ ಹೇಳಬೇಕು. ಆ ಕಬ್ಬಿಣದ ಬಕೆಟಿನ ಹಿಡಿ ಅಂಗೈಗೆ ತಾಗಿದಾಗ ಎಷ್ಟೋ ದಿನದ ಮೇಲೆ ಗುರುತಿನವರು ಸಿಕ್ಕ ಹಾಗಾಯಿತು. ಅವಳಿಗೆ ಅಳು ಬಂತು. ಅಳುತ್ತಲೇ ಒಂದಲ್ಲ, ಎಲ್ಲ ಕಕ್ಕಸುಗಳನ್ನೂ ತೊಳೆದಳು. ಹಲ್ಲುಜ್ಜಲು ಬಂದ ಹೆಂಗಸರು ಬಾಗಿಲಲ್ಲೇ ನಿಂತು ನೋಡಿದರು. ಅವರ ಮುಖದಲ್ಲಿ ಏನೋ ಹಗುರಾಯಿತು. ಇಷ್ಟು ದಿನ ಇವಳನ್ನು ಎಲ್ಲಿಡಬೇಕು ಎಂದು ತಿಳಿಯದೆ ಒದ್ದಾಡಿದವರಿಗೆ ಈಗ ಜಾಗ ಸಿಕ್ಕಿತ್ತು.

ಮಾರನೆಯ ದಿನ ಮಧ್ಯಾಹ್ನ ಯಾರೋ ಅವಳ ಬಾಗಿಲು ತಟ್ಟಿದರು. ಬಂದಾಗಿನಿಂದ ಒಬ್ಬರೂ ತಟ್ಟದ ಬಾಗಿಲು. ನೀರಕ್ಕ ಗಡಬಡಿಸಿ ಎದ್ದು, ಕೂದಲು ಸರಿಮಾಡಿಕೊಂಡು, ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದು, ಬಂದವರು ಕೂರಲು ಜಾಗ ಮಾಡಿ ಬಾಗಿಲು ತೆರೆದಳು. ಟೀಚರಮ್ಮ. ನಗುತ್ತಿದ್ದಳು.

"ನೀರಕ್ಕ, ಎರಡನೇದು ಕಟ್ಕೊಂಡಿದೆ. ಸ್ವಲ್ಪ ನೋಡ್ತೀರಾ?"

ನೀರಕ್ಕ ನೋಡಿದಳು. ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ತಿರುಗಿ ಬಂದಾಗ ಖಾಲಿ ಮಾಡಿಟ್ಟ ಕುರ್ಚಿ ಹಾಗೇ ಇತ್ತು. ಅವತ್ತಿನಿಂದ ಎಲ್ಲರೂ ಅವಳ ಜೊತೆ ಮಾತಾಡತೊಡಗಿದರು. ನೀರಕ್ಕ ಅಲ್ಲಿ ಸೋಪು ಜಾರುತ್ತೆ, ನೀರಕ್ಕ ಇಲ್ಲಿ ಕೂದಲು ಸಿಕ್ಕಿದೆ. ಎಷ್ಟು ಪ್ರೀತಿ ಅಂತೀರಿ! ಅಕ್ಕ ಎಂದು ಕರೆದು ಕಕ್ಕಸು ತೋರಿಸುವ ಪ್ರೀತಿ. ಹಾಸ್ಟೆಲಿನ ವಾರ್ಡನ್ನು ಒಮ್ಮೆ ದಾರಿಯಲ್ಲಿ ನಿಲ್ಲಿಸಿ, ನಿಮ್ಮಿಂದ ನಮ್ಮ ಬಚ್ಚಲು ಕನ್ನಡಿ ಆಗಿದೆ ಎಂದು ಹೊಗಳಿದಳು. ನೀರಕ್ಕನ ಕಾಲು ಮತ್ತೆ ಒದ್ದೆಯಾದವು. ಕೂಡುತ್ತಿದ್ದ ಬಿರುಕು ಬಾಯಿಬಿಟ್ಟಿತು.

ಆ ಹಾಸ್ಟೆಲನ್ನೂ ಪಕ್ಕದ ಪಾಠದ ಕಟ್ಟಡವನ್ನೂ ಗುಡಿಸಿ ತೊಳೆಯಲು ಒಬ್ಬ ಹೆಂಗಸಿದ್ದಳು. ನೀರಕ್ಕನಿಗಿಂತ ಹಿರಿಯಳು, ಕಡ್ಡಿಯ ಹಾಗಿದ್ದಳು, ಒಂದು ಕಾಲು ಎಳೆದು ನಡೆಯುತ್ತಿದ್ದಳು. ಮೊದಲ ವಾರ ನಲ್ಲಿಯ ಹತ್ತಿರ ಸಿಕ್ಕಾಗ, ಎಲ್ಲಿಂದ ಬಂದೆ ತಂಗಿ, ಓದೋಕಾ, ಓದು ಓದು ಎಂದಿದ್ದಳು. ಇಡೀ ವಿಶ್ವವಿದ್ಯಾಲಯದಲ್ಲಿ ಓದು ಎಂದು ಹೇಳಿದವಳು ಅವಳೊಬ್ಬಳೇ. ಈಗ ಮೂರು ನಾಲ್ಕು ದಿನದಿಂದ ಅವಳು ಕಾಣುತ್ತಿರಲಿಲ್ಲ. ಮೈ ಹುಷಾರಿಲ್ಲವೇನೋ ಎಂದು ನೀರಕ್ಕ ಸಂಜೆ ಹುಡುಕಿಕೊಂಡು ಹೋದಳು. ಹಿಂದಿನ ಗೇಟಿನ ಆಚೆ, ಚಹಾದ ಅಂಗಡಿಯ ಪಕ್ಕದ ಕಲ್ಲಿನ ಮೇಲೆ ಅವಳು ಕೂತಿದ್ದಳು. ಪೊರಕೆ ಪಕ್ಕದಲ್ಲೇ ಇತ್ತು.

ಯಾಕಕ್ಕ ಬರಲಿಲ್ಲ ಎಂದು ನೀರಕ್ಕ ಕೇಳಿದಳು. ಅವಳು ತಲೆ ಎತ್ತಿ ನೋಡಿದಳು.

"ಬರಬೇಡ ಅಂದ್ರು. ಒಳಗೇ ಒಬ್ಳು ಸಿಕ್ಕಿದಾಳೆ, ಈ ಕೋರ್ಸು ಮುಗಿಯೋವರೆಗೂ ನೀನು ಬೇಡ, ಆಮೇಲೂ ಬೇಕೋ ಬೇಡ್ವೋ ನೋಡೋಣ ಅಂದ್ರು. ಆ ಒಬ್ಳು ನೀನೇ ಅಲ್ವಾ?"

ನಾನು ಬೇಕೂಂತ ಮಾಡಲಿಲ್ಲ, ಕಣ್ಣಿಗೆ ಬಿತ್ತು, ಕಂಡವರ ಪಾಲು ಅಂತ ಮಾಡಿದೆ ಎಂದು ನೀರಕ್ಕ ತೊದಲಿದಳು. ಆ ರೂಢಿ ಆ ಅಕ್ಕನಿಗೂ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಉರಿದಳು.

"ಕಂಡವರ ಪಾಲು ನಮ್ಮೊಳಗೆ ಕಣೇ, ನಮ್ಮ ನಮ್ಮೊಳಗೆ. ಅವರು ಕಂಡಿಲ್ವಾ? ಅವರಿಗೇನು ಕಣ್ಣಿಲ್ವಾ? ಕೂತಿರೋದು ಅವರೇ, ಎದ್ದು ನೋಡೋದೂ ಅವರೇ. ನೀನು ಪುಸ್ತಕ ಹಿಡಿಯೋಕೆ ಬಂದೆ ಅಂತ ನಾನು ಸಂತೋಷ ಪಟ್ಟಿದ್ದೆ. ನನ್ನ ಪೊರಕೆ ಕಿತ್ಕೊಳ್ಳೋಕೆ ಬಂದೆ ನೀನು. ಅದೂ ಬಿಟ್ಟಿಯಾಗಿ."

ಅವಳು ಮತ್ತೆ ಆಚೆ ತಿರುಗಿದಳು. ಆ ಬೆನ್ನು ನೋಡುತ್ತ ನೀರಕ್ಕ ನಿಂತಳು. ಹೊಸಬಳೊಬ್ಬಳು ಬಂದು ಬಕೆಟು ಎತ್ತಿದಳೆಂದು ಮಂಡಿ ಹೋದ ತನ್ನ ಅಮ್ಮನನ್ನು ಮನೆಗೆ ಹೋಗು ಎಂದರೆ, ಅಮ್ಮ ಹೀಗೇ ಎಲ್ಲೋ ಕಲ್ಲಿನ ಮೇಲೆ ಕೂರುತ್ತಾಳೆ. ಕೋಣೆಗೆ ಬಂದು ಮಲಗಿದಳು. ಇಷ್ಟು ದಿನ ಎದುರಿನ ಮಂಚ ಖಾಲಿ ಎನಿಸುತ್ತಿತ್ತು. ಅವತ್ತು ತನ್ನ ಮಂಚವೂ ಖಾಲಿ ಎನಿಸಿತು.

ಮಾರನೆಯ ದಿನ ಪಾಠ ನಡೆದಿತ್ತು. ಕೋರ್ಸು ನೋಡಲು ದೊಡ್ಡವರು ಯಾರೋ ಬರುವವರಿದ್ದರು. ಪ್ರೊಫೆಸರು ಹೊಸ ಬೂಟು ಹಾಕಿದ್ದರು. ಮೇಜಿನ ಮೇಲೆ ಎಲ್ಲರ ಮುಂದೆಯೂ ಒಂದೊಂದು ರಾಶಿ ಪುಸ್ತಕ. ಸಂಖ್ಯೆ ಪ್ರಕಾರ ಜೋಡಿಸಬೇಕು. ನೀರಕ್ಕ ಅರ್ಧ ಜೋಡಿಸಿದ್ದಳು. ಬಾಗಿಲಲ್ಲಿ ವಾರ್ಡನ್ನು ಬಂದು ನಿಂತಳು. ಮೂಗಿಗೆ ಕರವಸ್ತ್ರ.

"ನೀರಕ್ಕ, ಒಂದು ನಿಮಿಷ ಬನ್ನಿ. ಈ ಪಡಸಾಲೆ ಕೊನೇ ಕಕ್ಕಸು ಉಕ್ಕಿ ಹರೀತಿದೆ. ಅವರು ಬರೋ ಹೊತ್ತಾಯ್ತು."

ಎಲ್ಲರೂ ತಿರುಗಿ ನೋಡಿದರು. ಪ್ರೊಫೆಸರು ಕರುಣೆಯಿಂದ ತಲೆಯಾಡಿಸಿದರು. ಹೋಗಿ ಬನ್ನಿ, ನಿಮಗೆ ಪಾಠ ಆಮೇಲೆ ಹೇಳಿಕೊಡುತ್ತೇನೆ ಎಂದರು. ನೀರಕ್ಕನ ಮೊಣಕಾಲು ಆಗಲೇ ಅರ್ಧ ಎದ್ದಿದ್ದವು. ಹಿಂದಿನ ಗೇಟು ಎಂದಾಗ ತಿರುಗಿದ ಅದೇ ಕಾಲು. ಬ್ರಷ್ಷು ಹಿಡಿದ ಅದೇ ಕೈ. ಅವಳು ಎರಡೂ ಅಂಗೈಯನ್ನು ಮೇಜಿಗೆ ಒತ್ತಿ ಹಿಡಿದಳು. ತನ್ನ ಮೈಯನ್ನೇ ತಾನು ಹಿಡಿದು ಬೆಂಚಿಗೆ ಕೂರಿಸಿದಳು. ಬಕೆಟು ಎತ್ತುವುದಕ್ಕಿಂತ ಅದು ಭಾರವಾಗಿತ್ತು.

"ಅದನ್ನ ಮೊದಲು ಕಂಡೋರು ಯಾರು ಮೇಡಂ?"

"ಯಾರು ಅಂದ್ರೆ? ನಾನೇ ಕಂಡೆ. ಕಂಡಿದ್ದಕ್ಕೇ ಕರೆಯೋಕೆ ಬಂದೆ."

"ನಮ್ಮ ಕೆಲಸದೋರಲ್ಲಿ ಒಂದು ರೂಢಿ ಇದೆ. ಕಂಡೋರೇ ತೊಳೀಬೇಕು."

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ವಾರ್ಡನ್ನಿನ ಮುಖ ಕೆಂಪಾಯಿತು. ನಿಮಗೆ ವಾಸನೆ ಬರುತ್ತಿಲ್ಲವಾ ಎಂದಳು. ಬರುತ್ತಿದೆ, ಆದರೆ ಕಂಡದ್ದು ನೀವು ಎಂದಳು ನೀರಕ್ಕ. ಅಂಗೈಯನ್ನು ಮೇಜಿನಿಂದ ತೆಗೆಯದೆ ಹೇಳಿದಳು. ನಿಮ್ಮ ಕೈಲಿ ಆಗದಿದ್ದರೆ ಹಿಂದಿನ ಗೇಟಿನ ಹತ್ತಿರ ಒಬ್ಬ ಅಕ್ಕ ಕೂತಿದ್ದಾಳೆ. ನೀವೇ ಬೇಡ ಅಂದವಳು. ಅವಳನ್ನು ಕರೆಸಿ. ನಾನು ಬರೋದಿಲ್ಲ.

ಪ್ರೊಫೆಸರಿನ ಕರುಣೆ ಆರಿಹೋಯಿತು. ಇದು ಶಿಸ್ತಿನ ಪ್ರಶ್ನೆ ಎಂದರು. ಒಬ್ಬರಿಗೊಬ್ಬರು ಸಹಾಯ ಮಾಡಿದರೇನು ತಪ್ಪು ಎಂದರು.

"ಸರ್ಟಿಫಿಕೇಟಲ್ಲಿ ನಡತೆ ಅಂತ ಒಂದು ಸಾಲಿರುತ್ತೆ. ಅದನ್ನ ನಾನೇ ಬರೀಬೇಕು. ನೆನಪಿಟ್ಕೊಳ್ಳಿ."

ನೀರಕ್ಕನಿಗೆ ಆ ಸಾಲು ಕಂಡಿತು. ಊರಿನ ಗ್ರಂಥಾಲಯ ಕಂಡಿತು. ಒಣ ನೆಲ, ಕಪಾಟು, ಕಿಟಕಿಯ ಬಿಸಿಲು. ಅದೆಲ್ಲದರ ಮೇಲೆ ಒಂದು ಬಾಗಿಲು ಮುಚ್ಚಿಕೊಂಡ ಹಾಗೂ ಕಂಡಿತು.

"ಬರೀರಿ ಸಾರ್" ಎಂದಳು. "ನನಗೆ ಓದೋಕೆ ಬರುತ್ತೆ."

ಮುಂದಿನ ಪುಸ್ತಕ ಎತ್ತಿಕೊಂಡು ಬೆನ್ನಿನ ಸಂಖ್ಯೆ ನೋಡಿದಳು. ಕಣ್ಣು ಮಂಜಾಗಿ ಸಂಖ್ಯೆ ಕಾಣಲಿಲ್ಲ. ಆದರೂ ಎಲ್ಲೋ ಒಂದು ಕಡೆ ಇಟ್ಟಳು. ವಾರ್ಡನ್ನು ಕಾವಲುಗಾರನನ್ನು ಕೂಗುತ್ತ ದಡದಡ ಹೋದಳು. ಹೊಲಸು ನೀರು ಯಾರಿಗೂ ಕಾಯಲಿಲ್ಲ. ಪಡಸಾಲೆ ಹಿಡಿದು ಬಂದು ಹೊಸ್ತಿಲು ದಾಟಿ, ಮೊದಲ ಸಾಲಿನ ಬೆಂಚಿನ ಕೆಳಗೆ ಹರಡಿತು. ಹೆಂಗಸರು ಬಟ್ಟೆ ಎತ್ತಿ ಹಿಡಿದು ಒಬ್ಬೊಬ್ಬರಾಗಿ ಎದ್ದು ಹಿಂದಿನ ಬಾಗಿಲಿನಿಂದ ಆಚೆ ಹೋದರು. ಟೀಚರಮ್ಮ ಬಾಗಿಲಲ್ಲಿ ಒಮ್ಮೆ ತಿರುಗಿದಳು, ಏನೋ ಹೇಳಬೇಕು ಎನ್ನುವವಳ ಹಾಗೆ. ಹೇಳದೆ ಹೋದಳು. ಪ್ರೊಫೆಸರು ಹೊಸ ಬೂಟು ಉಳಿಸಿಕೊಳ್ಳಲು ಕರಿಹಲಗೆಯ ಕೆಳಗಿನ ಕಟ್ಟೆ ಹತ್ತಿ ನಿಂತರು. ಅಷ್ಟು ದೊಡ್ಡ ಕೋಣೆಯಲ್ಲಿ ಕೂತವಳು ನೀರಕ್ಕ ಒಬ್ಬಳೇ.

ಕಾವಲುಗಾರ ಹೋಗಿ ಗುಡಿಸುವ ಅಕ್ಕನನ್ನು ಕರೆತಂದ. ಹಿಂದಿನ ಗೇಟಿಗೆ ಆ ಹೊತ್ತಿಗೆ ಬೀಗ ಬಿದ್ದಿತ್ತು, ಬೀಗದ ಕೈ ಹುಡುಕಲು ಪುರುಸೊತ್ತಿಲ್ಲದೆ ಮುಂದಿನ ಗೇಟಿನಿಂದಲೇ ಕರೆತಂದ. ಅವಳು ಕಾಲೆಳೆದುಕೊಂಡು ಬಂದು ಬಾಗಿಲಲ್ಲಿ ನಿಂತಳು. ಪೊರಕೆ ಕಂಕುಳಲ್ಲಿತ್ತು. ಬೇಗ ಬೇಗ ಎಂದಳು ಹಿಂದೆಯೇ ಬಂದ ವಾರ್ಡನ್ನು. ಅವಳು ಅಲ್ಲಾಡಲಿಲ್ಲ.

"ನಾಳೇನೂ ಬಾ ಅಂತ ಹೇಳಿ. ಆಚೆ ನಾಡಿದ್ದೂ ಬಾ ಅನ್ನಿ. ಈ ಸಾರ್ ಮುಂದೆ ಹೇಳಿ."

ಹೊರಗೆ ಕಾರು ನಿಂತ ಸದ್ದಾಯಿತು. ನೀರು ಕಟ್ಟೆಯ ಬುಡಕ್ಕೆ ಬಂತು. ಪ್ರೊಫೆಸರು ಹೇಳಿಬಿಡಿ ಮೇಡಂ ಎಂದು ಹಲ್ಲು ಕಚ್ಚಿದರು. ವಾರ್ಡನ್ನು ಹೇಳಿದಳು. ಇಬ್ಬರೂ ಬಂದವರನ್ನು ಬೇರೆ ಕಡೆ ಕರೆದೊಯ್ಯಲು ಓಡಿದರು.

ಅಕ್ಕ ಕೆಲಸ ಹಿಡಿದಳು. ಬಾಗಿಲ ಕಡೆಯಿಂದ ನೀರು ದಬ್ಬುತ್ತ, ಬೆಂಚಿನಿಂದ ಬೆಂಚಿಗೆ ಬಂದಳು. ಆ ಪೊರಕೆಯ ಸದ್ದು ಕೇಳುತ್ತ ನೀರಕ್ಕನಿಗೆ ಕೂತಿರಲು ಆಗಲಿಲ್ಲ. ಈಗ ಅವಳೂ ಕಂಡಿದ್ದಳು. ಅಕ್ಕನ ಎಳೆಯುವ ಕಾಲು ಕಂಡಿತು, ಅಮ್ಮನ ಮಂಡಿ ಕಂಡಿತು. ಎದ್ದು ಕೈ ಚಾಚಬೇಕು ಎನಿಸಿ ಬೆಂಚಿನ ಅಂಚಿಗೆ ಜರುಗಿದಳು.

ಅಕ್ಕ ಅವಳ ಬೆಂಚಿನ ಹತ್ತಿರ ಬಂದಿದ್ದಳು. ನಗಲಿಲ್ಲ. ನಿನ್ನೆಯ ಸಿಟ್ಟು ಇನ್ನೂ ಮುಖದಲ್ಲಿತ್ತು. ನೀರಕ್ಕನನ್ನು ನೋಡಿದಳು, ಅವಳ ಮುಂದಿದ್ದ ಪುಸ್ತಕದ ರಾಶಿ ನೋಡಿದಳು. ಪೊರಕೆಯಿಂದ ಬೆಂಚಿನ ಕಾಲಿಗೆ ಮೆಲ್ಲಗೆ ತಟ್ಟಿದಳು.

"ಏಳಬೇಡ. ಕಾಲೆತ್ತು" ಎಂದಳು.

ನೀರಕ್ಕ ಎಷ್ಟೋ ವರ್ಷ ಎಷ್ಟೋ ಜನಕ್ಕೆ ಹೇಳಿದ ಮಾತು. ಅವಳಿಗೆ ಯಾರೂ ಹೇಳಿರಲಿಲ್ಲ. ಸರ್ಟಿಫಿಕೇಟು ಸಿಗುತ್ತದೋ ಇಲ್ಲವೋ, ಆ ಸಾಲಿನಲ್ಲಿ ಏನು ಬರೆಯುತ್ತಾರೋ ತಿಳಿಯದು. ನೀರಕ್ಕ ಎರಡೂ ಕಾಲು ಎತ್ತಿ ಬೆಂಚಿನ ಮೇಲಿಟ್ಟುಕೊಂಡಳು.